ತಂಗಳು ಗ್ರೀಸು

"ಹತ್ತೊಂಬತ್ತು ವರ್ಷ! ಹತ್ತೊಂಬತ್ತು ವರ್ಷದ ತಂಗಳು ಗ್ರೀಸು ಹಾಕಿ ನನ್ನ ಲಾರೀನ ರಸ್ತೆಗೆ ಬಿಟ್ಟೆಯಲ್ಲೋ, ನಿನ್ನ ಕೈ ಬಿದ್ದುಹೋಗ!"

ಫಲಾಹ್ ಡಬ್ಬಿಯನ್ನೆತ್ತಿ ಗ್ಯಾರೇಜಿನ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಎರಡು ಸ್ಪ್ಯಾನರು ಎಗರಿ ನನ್ನ ಕಾಲ ಮೇಲೆ ಬಿದ್ದವು.

"ತಂಗಳಾಗಿರೋದು ನಿನ್ನ ತಲೆಯೊಳಗಿನ ಮಿದುಳು," ಎಂದ ಸುವೈಲಿಂ. "ಸೀಲು ಒಡೆಯದ ಡಬ್ಬಿ ಅದು. ನಿನ್ನ ಕಣ್ಣೆದುರಿಗೇ ಒಡೆದೆ. ಆಗ ನಿನ್ನ ಬಾಯಲ್ಲೇನು ಖರ್ಜೂರ ಇತ್ತಾ?"

"ಅದು ನಿನ್ನ ಮದುವೆ ಕಾಲದ್ದು ಅಂತ ನನಗೇನು ಗೊತ್ತು?"

"ಡಬ್ಬಿ ಮೇಲೆ ಇಸವಿ ಬರೆದಿತ್ತು. ಓದೋಕೆ ಬರಲ್ವಾ?"

"ಕೊಲೆಗಾರ!"

"ಇನ್ನೊಂದ್ಸಲ ಅನ್ನು, ನೋಡೋಣ!"

"ಇಬ್ಬರೂ ಬಾಯಿ ಮುಚ್ಚಿ!" ಎಂದು ನಾನು ಕಿರುಚಿದೆ. ಕಾಲು ಬೇರೆ ಉರಿಯುತ್ತಿತ್ತು. "ನಾಲ್ಕು ದಿನದಿಂದ ಇದೇ ರಾಗ. ಕೇಳಿ ಕೇಳಿ ನನ್ನ ಕಿವಿಯೇ ತಂಗಳಾಗಿದೆ."

ಫಲಾಹನ ಲಾರಿ ನಕಬ್ ಇಳಿಜಾರಿನಲ್ಲಿ ಎಡಗಡೆಯ ಮುಂಚಕ್ರ ಕಳಚಿ ಉರುಳಿ, ಚಾಲಕ ಮಿತೇಬ್ ಸತ್ತು ಇಂದಿಗೆ ನಾಲ್ಕನೆಯ ದಿನ. ಅದಕ್ಕೂ ಮೂರು ದಿನ ಮುಂಚೆ ಆ ಚಕ್ರದ ಬೇರಿಂಗಿಗೆ ಗ್ರೀಸು ತುಂಬಿ ಕೊಟ್ಟವನು ಸುವೈಲಿಂ.

ಸತ್ತವನ ಮನೆಯವರು ಸೇಡಿಗೆ ಕೊಟ್ಟ ವಿರಾಮ ಮೂರು ದಿನ ಮತ್ತು ಒಂದು ದಿನದ ಮೂರನೇ ಒಂದು ಪಾಲು. ಅಜ್ಜಂದಿರ ಕಾಲದ ಲೆಕ್ಕ ಅದು. ಅದರಲ್ಲಿ ಈಗ ಉಳಿದದ್ದು ಆ ಕೊನೆಯ ಪಾಲು ಮಾತ್ರ. ಇಂದು ಹೊತ್ತಿಳಿಯುವಾಗ ಅಸರ್ ನಮಾಜಿನ ಕರೆ ಕೂಗಿದರೆ ವಿರಾಮ ಮುಗಿಯಿತು.

ಅಷ್ಟರೊಳಗೆ ಸುವೈಲಿಂ ತಪ್ಪು ಒಪ್ಪಿಕೊಂಡು ಅವರ ಮನೆಗೆ ರಾಜಿಗೆಂದು ಹಿರಿಯರನ್ನು ಕಳಿಸಬೇಕು. ಒಪ್ಪಿದರೆ ಗ್ಯಾರೇಜು ಮುಚ್ಚಿ, ಹೆಂಡತಿ ಮಕ್ಕಳು ತಮ್ಮಂದಿರ ಸಮೇತ ಮಆನ್ ಊರನ್ನೇ ಬಿಡಬೇಕು. ಒಪ್ಪದೆ ಕುಳಿತರೆ, ಕರೆ ಮುಗಿದ ಮೇಲೆ ಅವನ ತಲೆಗೆ ಕಲ್ಲು ಬಿದ್ದರೂ ಗುಂಡು ಬಿದ್ದರೂ ಯಾಕೆ ಎಂದು ಕೇಳುವವರಿಲ್ಲ.

ವಿರಾಮಕ್ಕೆ ಜಾಮೀನು ನಿಂತವನು ನಾನು. ಎರಡೂ ಕಡೆಯವರು "ಅಬು ಶಿಬ್ಲಿ ಸೈನ್ಯದ ಗ್ಯಾರೇಜಿನಲ್ಲಿ ಇಪ್ಪತ್ತಾರು ವರ್ಷ ಮೈ ತೇದವನು, ಅವನೇ ನಿಜ ಹುಡುಕಲಿ" ಎಂದು ನನ್ನ ಕುತ್ತಿಗೆಗೆ ಗಂಟು ಹಾಕಿದರು. ನಮ್ಮಲ್ಲಿ ಜಾಮೀನು ನಿಲ್ಲುವವನು ತನ್ನ ಮುಖವನ್ನೇ ಒತ್ತೆ ಇಡುತ್ತಾನೆ. ಕೆಲಸ ಕೆಟ್ಟರೆ ಮಸಿ ಬಳಿಯುವುದು ಆ ಮುಖಕ್ಕೇ.

ಹುಡುಕಲು ಊರಿನವರು ಬಿಟ್ಟರೆ ತಾನೆ! ಕ್ಷೌರದವನು ಹೇಳಿದ, ಗ್ರೀಸಿಗೆ ಆಯಸ್ಸು ಎರಡು ವರ್ಷ. ಶಾಲೆಯ ಮೇಷ್ಟರು ಫೋನು ನೋಡಿ ಹೇಳಿದರು, ಐದು ವರ್ಷ. ತರಕಾರಿಯವನು ಹೇಳಿದ, ಬೇಸಿಗೆಯಲ್ಲಾದರೆ ಆರು ತಿಂಗಳು. ಇವರಲ್ಲಿ ಒಬ್ಬನೂ ಜನ್ಮದಲ್ಲಿ ಒಂದು ಬೇರಿಂಗು ಬಿಚ್ಚಿದವನಲ್ಲ. ಡಬ್ಬಿಯೊಳಗೆ ಬೆರಳು ಹಾಕಿ ನೋಡಿದವನಂತೂ ಇಲ್ಲವೇ ಇಲ್ಲ.

ಎಲ್ಲರಿಗಿಂತ ಹೆಚ್ಚು ಸಿಟ್ಟು ನನಗೆ ಸುವೈಲಿಂ ಮೇಲೆ. ತಾನು ಸೈನ್ಯದಿಂದ ನಿವೃತ್ತನಾದ ವರ್ಷ ಕೊಂಡಿಟ್ಟ ಡಬ್ಬಿ ಎಂದು ಅವನೇ ಊರೆಲ್ಲ ಜಂಬ ಕೊಚ್ಚಿದ್ದ. "ಇಂಥ ಮಾಲು ಈಗ ಎಲ್ಲಿ ಸಿಗುತ್ತೆ, ಜೋಪಾನವಾಗಿ ಇಟ್ಟಿದ್ದೆ" ಎಂದು ಚಹಾ ಅಂಗಡಿಯಲ್ಲಿ ಹೇಳಿದ್ದ. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಈ ರಗಳೆ ಅರ್ಧ ಇರುತ್ತಿರಲಿಲ್ಲ.

"ಫಲಾಹ್," ಎಂದೆ. "ಡಬ್ಬೀನ ಇಲ್ಲಿ ಕೊಡು."

"ಅದರಲ್ಲಿ ನೋಡೋದೇನಿದೆ, ಅಬು ಶಿಬ್ಲಿ? ಎಳ್ಳಷ್ಟೂ ಅನುಮಾನ ಬೇಡ. ಮುಚ್ಚಳ ತೆಗೆದರೆ ಮೇಲೆ ಎಣ್ಣೆ ನಿಂತಿದೆ. ಕೆಟ್ಟ ಮೊಸರಿನ ಹಾಗೆ ಒಡೆದಿದೆ."

"ಮೊಸರು!" ನನಗೆ ತಡೆಯಲಾಗಲಿಲ್ಲ. "ಗ್ರೀಸು ಅಂದ್ರೆ ಏನು ಗೊತ್ತೇನೋ? ಸಾಬೂನಿನೊಳಗೆ ಎಣ್ಣೆ ಹಿಡಿದಿಟ್ಟದ್ದು. ನಿನ್ನ ಹೆಂಡತಿ ಪಾತ್ರೆ ತೊಳೆಯೋ ಸ್ಪಂಜಲ್ಲಿ ನೀರು ನಿಲ್ಲಲ್ವಾ, ಹಾಗೆ. ವರ್ಷಗಟ್ಟಲೆ ಸುಮ್ಮನೆ ಇಟ್ಟರೆ ಒಂದಿಷ್ಟು ಎಣ್ಣೆ ಮೇಲಕ್ಕೆ ಬರುತ್ತೆ. ಕದಡಿದರೆ ಮತ್ತೆ ಒಳಕ್ಕೆ ಹೋಗುತ್ತೆ. ಹೋಗದಿದ್ದರೆ ಕೆಟ್ಟಿದೆ ಅಂತ ಅರ್ಥ."

ಮರದ ಕೋಲು ಹಾಕಿ ಕದಡಿದೆ. ಮೇಲಿದ್ದ ಎಣ್ಣೆ ಕಿರುಬೆರಳಿನ ಅರ್ಧ ಗೆಣ್ಣಿನಷ್ಟು. ಇಪ್ಪತ್ತು ಸುತ್ತು ತಿರುಗಿಸುವುದರೊಳಗೆ ಕಾಣದಾಯಿತು. ಹೊಸ ಬೆಣ್ಣೆಯಂತೆ ಕೋಲಿಗೆ ಅಂಟಿಕೊಂಡು ಬಂತು.

ಬೆರಳಲ್ಲಿ ಉಜ್ಜಿದೆ. ಮರಳಿಲ್ಲ, ಗಂಟಿಲ್ಲ. ಮೂಸಿದೆ. ಹುಳಿವಾಸನೆ ಇಲ್ಲ. ಡಬ್ಬಿಯ ಅಂಚಿನಲ್ಲಿ ತುಕ್ಕಿಲ್ಲ, ನೀರು ಇಳಿದ ಗುರುತಿಲ್ಲ.

"ಎಲ್ಲಿಟ್ಟಿದ್ದೆ?"

"ಮೆಟ್ಟಿಲ ಕೆಳಗಿನ ಕೋಣೇಲಿ," ಎಂದ ಸುವೈಲಿಂ. "ಉಮ್ ಜದ್ದೂ ಉಪ್ಪಿನಕಾಯಿ ಇಡೋ ಜಾಗ. ಬೇಸಿಗೇಲೂ ತಣ್ಣಗಿರುತ್ತೆ."

ಒಳಬಾಗಿಲಿನಿಂದ ಅವನ ಹೆಂಡತಿಯ ದನಿ ಬಂತು. "ಹತ್ತೊಂಬತ್ತು ವರ್ಷ ನನ್ನ ಆಲಿವ್ ಭರಣಿ ಪಕ್ಕ ಕೂರಿಸಿದ್ರು. ನಾನು ಎಷ್ಟು ಸಲ ಬೀದಿಗೆ ಎಸೀತೀನಿ ಅಂದೆ! ಎಸೆದಿದ್ರೆ ಇವತ್ತು ನೆಮ್ಮದಿಯಾಗಿ ಇರ್ತಿದ್ವಿ."

"ಉಮ್ ಜದ್ದೂ, ಬೈಯೋದು ಆಮೇಲೆ. ನಿನ್ನ ಗ್ಯಾಸ್ ಒಲೆ ಇಲ್ಲಿ ಕಳಿಸು. ಒಂದು ತಗಡಿನ ತಟ್ಟೇನೂ ಕೊಡು."

"ಊಟ ಮಾಡೋ ತಟ್ಟೆ ಕೊಡಲ್ಲ!"

"ಹರಕು ತಟ್ಟೆ ಸಾಕು, ತಾಯೀ."

ತಟ್ಟೆ ಬಂತು. ನಾನು ಜೇಬಿನಿಂದ ಬಟ್ಟೆಗಂಟು ಬಿಚ್ಚಿದೆ. ಒಳಗಿದ್ದದ್ದು ನಿನ್ನೆ ಇಳಿಜಾರಿನ ಕೆಳಗೆ, ಮುಳ್ಳುಪೊದೆಯಲ್ಲಿ ನನಗೆ ಸಿಕ್ಕ ಚಕ್ರದ ಹಬ್ಬಿನ ಟೋಪಿ. ಬೇರಿಂಗಿನ ಬಾಯಿಗೆ ಹಾಕುವ ಲೋಹದ ಮುಚ್ಚಳ. ಬೇರಿಂಗು ಬಿಸಿಗೆ ಹೊತ್ತಿ ಉರಿದು ಕರಿಕಲಾಗಿತ್ತು, ಅದರಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಟೋಪಿ ಮಾತ್ರ ಮೊದಲೇ ಹಾರಿಬಿದ್ದು ಬೆಂಕಿಯಿಂದ ತಪ್ಪಿಸಿಕೊಂಡಿತ್ತು. ಅದರೊಳಗೆ ಗ್ರೀಸು ಇತ್ತು.

ಸುವೈಲಿಂ ಬಗ್ಗಿ ನೋಡಿದ. ಅವನ ಹುಬ್ಬು ಗಂಟಾಯಿತು.

"ಇದು ಯಾರು ತುಂಬಿದ್ದು?"

"ನೀನು," ಎಂದ ಫಲಾಹ್. "ಇನ್ಯಾರು, ನನ್ನ ಅತ್ತೆಯಾ?"

"ಟೋಪಿ ಕಂಠಮಟ್ಟ ತುಂಬಿದೆ ನೋಡು. ನಾನು ಯಾವತ್ತಾದ್ರೂ ಹಿಂಗೆ ತುಂಬ್ತೀನಾ? ಮೂರನೇ ಒಂದು ಪಾಲು, ಅಷ್ಟೇ. ಬಿಸಿಯಾದಾಗ ಗ್ರೀಸು ಹಿಗ್ಗೋಕೆ ಜಾಗ ಬೇಡ್ವಾ? ಅಬು ಶಿಬ್ಲಿ, ನೀನೇ ಹೇಳು."

ಹೇಳುವುದೇನು, ಅದನ್ನು ಅವನಿಗೆ ಕಲಿಸಿದವನೇ ನಾನು. ಮೂರನೇ ಒಂದಕ್ಕಿಂತ ಹೆಚ್ಚು ತುಂಬಿದ ಸೈನಿಕನನ್ನು ಬಿಸಿಲಿನಲ್ಲಿ ಓಡಿಸುತ್ತಿದ್ದೆ. ಸುವೈಲಿಂ ಎರಡು ಸಲ ಓಡಿದ್ದ.

"ಅದು ಸಾಕ್ಷಿ ಆಗಲ್ಲ," ಎಂದ ಫಲಾಹ್. "ಅವತ್ತು ಕೈ ಜಾಸ್ತಿ ಹೋಗಿರಬಹುದು."

"ಸರಿ, ಒಲೆಗೇ ಕೇಳೋಣ."

ತಟ್ಟೆಯ ಒಂದು ಅಂಚಿಗೆ ಹಳೆ ಡಬ್ಬಿಯ ಗ್ರೀಸು ನೆಲ್ಲಿಕಾಯಿಯಷ್ಟು ಇಟ್ಟೆ. ಇನ್ನೊಂದು ಅಂಚಿಗೆ ಟೋಪಿಯೊಳಗಿನದು ಅಷ್ಟೇ ಗಾತ್ರ. ಎರಡೂ ನೋಡಲು ಹಳದಿಯೇ. ಸಣ್ಣ ಉರಿ ಹಚ್ಚಿ ತಟ್ಟೆಯನ್ನು ಸುತ್ತಲೂ ತಿರುಗಿಸುತ್ತ ಹೋದೆ. ಇಬ್ಬರೂ ಜಗಳ ಮರೆತು ಕುತ್ತಿಗೆ ಚಾಚಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಟೋಪಿಯ ಗ್ರೀಸು ಬೆವರಿತು. ಕುಸಿಯಿತು. ನೋಡನೋಡುತ್ತ ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ ಕರಗಿ ತಟ್ಟೆ ತುಂಬ ಹರಿಯಿತು.

ಹತ್ತೊಂಬತ್ತು ವರ್ಷದ ಮುದುಕ ಗ್ರೀಸು ಕೂತಲ್ಲೇ ಕೂತಿತ್ತು. ಅದರ ಮೈ ಸ್ವಲ್ಪ ಹೊಳೆಯಿತು, ಅಷ್ಟೇ.

"ಯಾ ಅಲ್ಲಾ," ಎಂದ ಸುವೈಲಿಂ.

"ನೋಡಿದೆಯಾ, ಫಲಾಹ್? ನಿನ್ನ ತಂಗಳು ನಿಂತಿದೆ. ಓಡಿಹೋದದ್ದು ಯಾವುದು?"

"ಹಾಗಂದ್ರೆ..."

"ಹಾಗಂದ್ರೆ ಇವೆರಡೂ ಒಂದೇ ಡಬ್ಬಿಯವಲ್ಲ. ಇದು ಚಕ್ರದ ಗ್ರೀಸೇ ಅಲ್ಲ. ನೀರಿಗೆ ಜಗ್ಗದ, ಬಿಸಿಗೆ ಹೆದರೋ ಜಾತಿ. ಬಾವಿ ರಾಟೆಗೆ, ಕೀಲಿಗೆ, ನಿಧಾನ ತಿರುಗೋ ಯಂತ್ರಕ್ಕೆ ಹಾಕೋದು. ನಕಬ್ ಇಳಿಯುವಾಗ ಹನ್ನೆರಡು ಕಿಲೋಮೀಟರು ಬ್ರೇಕ್ ಒತ್ತಿಕೊಂಡೇ ಹೋಗಬೇಕು. ಆ ಬಿಸಿಗೆ ಬೇರಿಂಗಿನೊಳಗಿದ್ದದ್ದು ಅರ್ಧ ದಾರೀಲಿ ನೀರಾಗಿ ಸೋರಿಹೋಗಿದೆ, ಹೊರಗಿನ ಟೋಪೀಲಿದ್ದದ್ದು ಗಾಳಿಗೆ ಉಳಿದಿದೆ. ಸುವೈಲಿಂ ಕೊಟ್ಟಮೇಲೆ ಯಾರೋ ಆ ಚಕ್ರ ಬಿಚ್ಚಿ, ಇವನು ತುಂಬಿದ್ದನ್ನ ಒರೆಸಿ ತೆಗೆದು, ಇದನ್ನ ತುಂಬಿದ್ದಾರೆ."

ಅಷ್ಟರಲ್ಲಿ ತಟ್ಟೆಯಲ್ಲಿ ಏನೋ ಚಟ್ ಎಂದಿತು.

ಒಲೆ ಆರಿಸಿದೆ. ಕರಗಿದ ಎಣ್ಣೆಯ ನಡುವೆ ಒಂದು ಕಪ್ಪು ಚುಕ್ಕೆ ಸಿಡಿದು ಬಿದ್ದಿತ್ತು. ಪಕ್ಕದಲ್ಲಿ ಇನ್ನೊಂದು, ಬಿಳಿ, ಇನ್ನೂ ಸಿಡಿಯದೆ ಇದ್ದದ್ದು. ಬೆಂಕಿಕಡ್ಡಿಯ ತುದಿಯಿಂದ ಅದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡೆ. ಕನ್ನಡಕ ಹಾಕಿದೆ.

ಗ್ರೀಸಿನ ಕಮಟಿನೊಳಗಿಂದ ಬೇರೊಂದು ವಾಸನೆ ಎದ್ದುಬಂತು. ಬೆಳಗಿನ ಹೊತ್ತು ಇಡೀ ಬೀದಿಗೆ ಹಬ್ಬುವ ವಾಸನೆ.

"ಎಳ್ಳು," ಎಂದಳು ಉಮ್ ಜದ್ದೂ ಬಾಗಿಲಿನಿಂದಲೇ. ಮೂಗಿನ ವಿಷಯದಲ್ಲಿ ಹೆಂಗಸರನ್ನು ಮೀರಿಸುವವರಿಲ್ಲ.

"ಎಳ್ಳಷ್ಟೂ ಅನುಮಾನ ಬೇಡ ಅಂದೆಯಲ್ಲ, ಫಲಾಹ್," ಎಂದೆ. "ತಗೋ, ನಿನ್ನ ಎಳ್ಳು."

ಫಲಾಹ್ ಬಗ್ಗಿ ಕಾಳು ನೋಡಿದ. "ಚಾಲಕರು ಎಳ್ಳಿನ ರೊಟ್ಟಿ ತಿಂತಾ ಕೆಲಸ ಮಾಡ್ತಾರೆ. ಕೈಯಿಂದ ಉದುರಿರಬಹುದು."

"ಇರಬಹುದು. ನನಗೆ ಒಂದು ಮಾತು ಹೇಳು. ತಂಗಳು ಅನ್ನೋ ಪದ ನೀನು ಎಲ್ಲಿ ಹೆಕ್ಕಿದೆ?"

"ಯಾವ ಪದ?"

"ತಂಗಳು ಗ್ರೀಸು. ಹಳೇದು ಅನ್ನಲ್ಲ, ಕೆಟ್ಟದ್ದು ಅನ್ನಲ್ಲ, ಒಣಗಿದ್ದು ಅನ್ನಲ್ಲ. ನಾಲ್ಕು ದಿನದಿಂದ ನೀನು ತಂಗಳು ಅಂತಲೇ ಕೂಗ್ತಿದ್ದೀಯ. ನನ್ನ ಜೀವಮಾನದಲ್ಲಿ ಯಾವ ಮೆಕ್ಯಾನಿಕ್ಕೂ ಗ್ರೀಸಿಗೆ ಆ ಮಾತು ಆಡಿದ್ದು ಕೇಳಿಲ್ಲ. ನಿನ್ನೆ ರಾತ್ರಿಯ ರೊಟ್ಟಿಗೆ ಅನ್ನೋ ಮಾತು ಅದು."

ಫಲಾಹ್ ತಲೆ ಕೆರೆದುಕೊಂಡ. ಯೋಚಿಸುವುದು ಅವನಿಗೆ ಅಭ್ಯಾಸವಿಲ್ಲದ ಕೆಲಸ. ನನಗೋ ಗಡಿಯಾರದ ಮೇಲೇ ಕಣ್ಣು.

"ಮಿತೇಬ್ ಹೇಳಿದ," ಎಂದ ಕಡೆಗೆ.

"ಯಾವಾಗ?"

"ಗ್ಯಾರೇಜಿಂದ ಲಾರಿ ಬಂದ ಮಾರನೇ ದಿನ. 'ಯಜಮಾನ್ರೇ, ಮುಂಚಕ್ರಕ್ಕೆ ತಂಗಳು ಗ್ರೀಸು ಹಾಕಿದಾರಂತೆ, ನನಗೆ ಭಯ' ಅಂದ. ನಾನು ಸುಮ್ಮನಿರೋ ಅಂದೆ. ಅವತ್ತು ಲಾರೀನ ಅವನೇ ತಗೊಂಡು ಹೋಗಿ ಅವನ ದೊಡ್ಡಪ್ಪನ ಹಿತ್ತಲಲ್ಲಿ ನಿಲ್ಲಿಸಿಕೊಂಡಿದ್ದ."

"ನಾಲ್ಕು ದಿನದಲ್ಲಿ ಇದನ್ನ ಹೇಳೋಕೆ ನಿನಗೆ ಬಾಯಿ ಇರಲಿಲ್ವಾ?"

"ನೀನು ಕೇಳಲಿಲ್ಲ!"

ಇಂಥವನನ್ನು ಏನು ಮಾಡಬೇಕು? ಸುವೈಲಿಂ ಮಾತ್ರ ಸ್ಟೂಲಿನ ಮೇಲೆ ಕುಳಿತುಬಿಟ್ಟಿದ್ದ.

"ಮಿತೇಬ್ ಎರಡು ವರ್ಷ ನನ್ನ ಹತ್ರಾನೇ ಕೆಲಸ ಕಲಿತ," ಎಂದ. "ಚಕ್ರ ಬಿಚ್ಚೋಕೆ ಬರ್ತಿತ್ತು. ಯಾವ ಗ್ರೀಸು ಎಲ್ಲಿಗೆ ಅಂತ ಕಲಿಸೋ ಮುಂಚೆ ಲಾರಿ ಓಡಿಸ್ತೀನಿ ಅಂತ ಹೋದ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಹುಡುಗ?"

ಮಿತೇಬನ ದೊಡ್ಡಪ್ಪ ಹಾಜಿ ದುಗೈಂ. ತಂದೆ ಇಲ್ಲದ ಮಿತೇಬನನ್ನು ಎತ್ತಿ ಬೆಳೆಸಿದವನು. ಈಗ ರಕ್ತದ ಹಕ್ಕುದಾರ. ವಿರಾಮ ಕೊಟ್ಟವನು ಅವನೇ, ಇನ್ನೊಂದು ಗಳಿಗೆ ಹೆಚ್ಚಿಗೆ ಕೊಡಲಾರೆ ಎನ್ನುತ್ತಿರುವವನೂ ಅವನೇ.

ನಲವತ್ತು ವರ್ಷದಿಂದ ನಮ್ಮ ಬೀದಿಗೆ ಎಳ್ಳಿನ ರೊಟ್ಟಿ ಬೇಯಿಸಿ ಕೊಡುತ್ತಿರುವವನೂ ಅವನೇ.

"ಸುವೈಲಿಂ, ನೀನು ಇಲ್ಲೇ ಇರು. ಬಾಗಿಲು ಹಾಕಬೇಡ. ಹಾಕಿದರೆ ಓಡಿಹೋದ ಅಂತಾರೆ," ಎಂದೆ. "ಫಲಾಹ್, ನೀನು ನನ್ನ ಜತೆ ಬಾ. ನಾನು ಹೇಳೋತನಕ ಬಾಯಿ ಬಿಡಬೇಡ. ಬಿಟ್ಟರೆ ಈ ಡಬ್ಬೀಲಿರೋದೆಲ್ಲ ಅದಕ್ಕೇ ತುಂಬ್ತೀನಿ."

ಹೊರಡುವಾಗ ಹಿಂದಿರುಗಿ ನೋಡಿದೆ. ಸುವೈಲಿಂ ಆಗಲೇ ಯಾವುದೋ ಬೇರಿಂಗು ಕೈಗೆತ್ತಿಕೊಂಡು ಅಂಗೈಯಲ್ಲಿ ಗ್ರೀಸು ಒತ್ತಿ ಒತ್ತಿ ತುಂಬುತ್ತಿದ್ದ. ತಲೆ ಹೋಗುವ ದಿನವೂ ಅವನಿಗೆ ಕೈ ಸುಮ್ಮನಿಡಲು ಬರುವುದಿಲ್ಲ.

*

ಹಾಜಿ ದುಗೈಂನ ಪಡಸಾಲೆಯಲ್ಲಿ ಮೂವತ್ತು ಜನ ಗೋಡೆಗೊರಗಿ ಕುಳಿತಿದ್ದರು. ಪಕ್ಕದ ಗೋಡೆಯಾಚೆ ಬೇಕರಿ. ನಾಲ್ಕು ದಿನದಿಂದ ಒಲೆ ಹಚ್ಚಿಲ್ಲದ ಕಾರಣ ಬೀದಿಯೇ ಸತ್ತಂತಿತ್ತು.

ನಾನು ಸಲಾಂ ಹೇಳಿ ಕುಳಿತೆ. ಕಾಫಿ ಹಂಚುವವನು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎರಡು ಗುಟುಕು ಸುರಿದು ಕೈಗೆ ಕೊಟ್ಟ. ಅದನ್ನು ತುಟಿಗೆ ತಾಗಿಸದೆ ಮುಂದಿನ ಚಾಪೆಯ ಮೇಲೆ ಇಟ್ಟೆ.

ಎಲ್ಲರ ಕಣ್ಣೂ ಆ ಬಟ್ಟಲಿನ ಮೇಲೆ ಬಿತ್ತು.

ಕಾಫಿ ಕುಡಿಯದೆ ಕೆಳಗಿಟ್ಟವನಿಗೆ ಕೇಳುವುದೊಂದಿದೆ ಎಂದು ಅರ್ಥ. ಕೇಳಿದ್ದು ಸಿಕ್ಕರೆ ಕುಡಿಯುತ್ತಾನೆ. ಸಿಗದೆ ಬಟ್ಟಲು ತಣ್ಣಗಾದರೆ ಆ ಮನೆಯ ಯಜಮಾನ ಮುಂದೆ ಯಾರ ಎದುರೂ ತಲೆ ಎತ್ತಿ ಕೂರುವಂತಿಲ್ಲ.

ಹಾಜಿ ದುಗೈಂ ಉಸಿರು ಬಿಟ್ಟ. ಅಗಲವಾದ ಮನುಷ್ಯ, ಒಲೆಯ ಬಿಸಿಗೆ ಹುಬ್ಬು ಸುಟ್ಟು ಹೋದ ಮುಖ. ಎರಡು ದಿನದಿಂದ ನಿದ್ದೆ ಮಾಡಿದವನಂತೆ ಕಾಣಲಿಲ್ಲ.

"ಅಬು ಶಿಬ್ಲಿ, ಕಾಫಿ ಕುಡಿ. ನೀನು ಇನ್ನಷ್ಟು ದಿನ ಕೇಳೋಕೆ ಬಂದಿದ್ದೀಯ. ದಿನ ಕೊಡಲಾರೆ. ಕೊಟ್ಟದ್ದೆಲ್ಲ ಕೊಟ್ಟಾಯ್ತು."

"ದಿನ ಕೇಳೋಕೆ ಬಂದಿಲ್ಲ, ಹಾಜಿ."

"ಹಂಗಾದ್ರೆ ಆ ಸುವೈಲಿಂಗೆ ಕ್ಷಮೆ ಕೇಳೋಕೆ ಬಂದಿದ್ದೀಯ."

"ಅದೂ ಅಲ್ಲ."

ಅವನಿಗೆ ರೇಗಿತು. ಮೂವತ್ತು ಜೊತೆ ಕಣ್ಣು ಅವನ ಮೇಲಿತ್ತು. "ಮತ್ತೇನಾದರೂ ಇರಲಿ. ದಿನ ಒಂದನ್ನ ಬಿಟ್ಟು, ಕ್ಷಮೆ ಒಂದನ್ನ ಬಿಟ್ಟು, ನೀನು ಏನು ಕೇಳಿದರೂ ಕೊಟ್ಟೆ. ಎಲ್ಲರೂ ಸಾಕ್ಷಿ. ಕುಡಿ ಈಗ."

ನಾನು ಕಾಯುತ್ತಿದ್ದದ್ದು ಈ ಮಾತಿಗೇ. ನಮ್ಮ ದೊಡ್ಡಸ್ತಿಕೆ ನಮ್ಮನ್ನು ಹಾಳು ಮಾಡುವುದು ಹೀಗೇ. ಏನು ಬೇಕೆಂದು ಕೇಳುವ ಮುಂಚೆಯೇ ಕೊಟ್ಟೆ ಎಂದುಬಿಡುತ್ತೇವೆ.

"ನಿನ್ನ ಹಿಟ್ಟು ನಾದೋ ಯಂತ್ರಕ್ಕೆ ಹಾಕ್ತೀಯಲ್ಲ, ಆ ಗ್ರೀಸು," ಎಂದೆ. "ಒಂದು ಚಮಚ ಕೊಡು."

ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

ಹಾಜಿ ನಗಲಿಲ್ಲ.

"ಗ್ರೀಸಾ?"

"ಒಂದೇ ಚಮಚ."

"ನನ್ನನ್ನ ಗೇಲಿ ಮಾಡೋಕೆ ಬಂದೆಯಾ? ನನ್ನ ಮಗನ ಸಾವಿನ ಮನೇಲಿ?"

"ಗೇಲಿ ಮಾಡೋ ವಯಸ್ಸಲ್ಲ ನನ್ನದು. ಕಾಲು ಬೇರೆ ನೋಯ್ತಿದೆ. ಕೊಟ್ಟೆ ಅಂದೆ, ಕೊಡು."

"ಮುಗಿದುಹೋಗಿದೆ."

"ಡಬ್ಬಿ?"

"ಎಸೆದೆ."

"ಹಾಜಿ, ನಿನ್ನ ಯಂತ್ರ ವರ್ಷಕ್ಕೆ ಒಂದು ಮುಷ್ಟಿ ತಿನ್ನುತ್ತೆ. ರಂಜಾನ್ ಮುಗಿದ ವಾರ ನೀನು ಹೊಸ ಡಬ್ಬಿ ತಂದದ್ದು ನಾನೇ ನೋಡಿದೆ. ನಿನ್ನ ಪಿಕಪ್ಪಿಂದ ಇಳಿಸೋಕೆ ಕೈ ಕೊಟ್ಟವನು ನಾನು. ಎರಡು ತಿಂಗಳಲ್ಲಿ ಅಷ್ಟು ದೊಡ್ಡ ಡಬ್ಬಿ ಹೇಗೆ ಮುಗೀತು?"

"ನನ್ನ ಗ್ರೀಸು ನನ್ನಿಷ್ಟ! ಹೊಸದು, ಒಳ್ಳೇದು, ಶುದ್ಧವಾದದ್ದು. ಆ ಸುವೈಲಿಂ ಥರ ತಂಗಳು ಮಾಲು ಇಟ್ಟುಕೊಂಡು ಜನರನ್ನ ಕೊಲ್ಲೋನಲ್ಲ ನಾನು!"

ಪಕ್ಕದಲ್ಲಿ ಫಲಾಹ್ ನೆಟ್ಟಗಾದ. ಬಾಯಿ ತೆರೆಯಹೊರಟವನ ತೊಡೆ ಚಿವುಟಿದೆ.

"ಆ ಮಾತು ಮಿತೇಬನಿಗೆ ಹೇಳಿದವನು ನೀನೇನಾ?"

"ಯಾವ ಮಾತು?"

"ತಂಗಳು."

"ಹೌದು, ನಾನೇ! ಚಹಾ ಅಂಗಡೀಲಿ ಕೇಳಿಸಿಕೊಂಡೆ, ಬಂದು ಹೇಳಿದೆ. ಹತ್ತೊಂಬತ್ತು ವರ್ಷದ್ದು ತಂಗಳಲ್ಲದೆ ಇನ್ನೇನು? ನಾನು ನಲವತ್ತು ವರ್ಷದಿಂದ ಹಿಟ್ಟು ಮುಟ್ಟಿದವನು. ಹಳಸಿದ್ದು ಯಾವುದು, ಹೊಸದು ಯಾವುದು ನನಗೆ ಗೊತ್ತು. ನನ್ನ ಅಂಗಡೀಲಿ ನಿನ್ನೆಯ ರೊಟ್ಟಿ ಇವತ್ತು ಮಾರಲ್ಲ. ಮಗಾ, ಅದನ್ನ ತೆಗೆದು ಬಿಸಾಕು, ಜೀವ ದೊಡ್ಡದು ಅಂದೆ. ತಪ್ಪಾ?"

"ಬಿಸಾಕಿದ ಮೇಲೆ ಅವನು ಏನು ತುಂಬಿದ?"

ಹಾಜಿಯ ಕಣ್ಣು ಬೇಕರಿಯ ಗೋಡೆಯ ಕಡೆ ಹೊರಳಿತು.

ನಾನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕಾಫಿ ಬಟ್ಟಲಿನ ಪಕ್ಕದಲ್ಲಿ ಬಿಚ್ಚಿದೆ. ಒಂದು ಎಳ್ಳುಕಾಳು. ಅದರ ಮೈಗೆ ಇನ್ನೂ ಎಣ್ಣೆ ಅಂಟಿತ್ತು.

"ಹಬ್ಬಿನ ಟೋಪಿಯೊಳಗಿತ್ತು," ಎಂದೆ. "ಹೊಸ ಗ್ರೀಸಿನೊಳಗೆ. ಒಲೆ ಮೇಲಿಟ್ಟರೆ ತುಪ್ಪದ ಹಾಗೆ ಕರಗೋ ಹೊಸ ಗ್ರೀಸಿನೊಳಗೆ. ಸುವೈಲಿಂನ ತಂಗಳು ಕರಗಲಿಲ್ಲ, ಹಾಜಿ. ಎರಡನ್ನೂ ಒಂದೇ ತಟ್ಟೇಲಿ ಸುಟ್ಟು ನೋಡಿದೆ. ಫಲಾಹ್ ನೋಡಿದಾನೆ. ಅವನು ಸುವೈಲಿಂನ ನೆಂಟನಲ್ಲ."

ಮೂವತ್ತು ತಲೆ ಫಲಾಹನ ಕಡೆ ತಿರುಗಿದವು. ಅವನು ಚಾಪೆ ನೋಡುತ್ತ, "ಕರಗಲಿಲ್ಲ," ಎಂದ. ಆ ದಿನ ಅವನು ಆಡಿದ ಒಂದೇ ಒಂದು ಒಳ್ಳೆಯ ಮಾತು ಅದು.

"ಎಳ್ಳು ಎಲ್ಲಿಂದಾದರೂ ಬೀಳುತ್ತೆ," ಎಂದ ಹಾಜಿ. ದನಿ ಸಣ್ಣಗಾಗಿತ್ತು. "ಈ ಬೀದಿ ತುಂಬ ಎಳ್ಳೇ."

"ಅದಕ್ಕೇ ಒಂದು ಚಮಚ ಗ್ರೀಸು ಕೇಳ್ತಿದ್ದೀನಿ. ನಿನ್ನದು ಕರಗದಿದ್ದರೆ ನಿನ್ನ ಕಾಲಿಗೆ ಬಿದ್ದು ಹೋಗ್ತೀನಿ. ನನ್ನ ಮುಖಕ್ಕೆ ನೀನೇ ಮಸಿ ಬಳಿ."

ಆಗ ಒಳಬಾಗಿಲಿನ ಪರದೆ ಅಲುಗಿತು. ಯಾರೂ ಹೊರಗೆ ಬರಲಿಲ್ಲ, ದನಿ ಮಾತ್ರ ಬಂತು. ಮಿತೇಬನ ತಾಯಿ. ನಾಲ್ಕು ದಿನದಿಂದ ಅವಳು ಒಂದು ಮಾತೂ ಆಡಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ಅವತ್ತು ಊಟಕ್ಕೆ ಬಂದಾಗ ಅವನ ಕೈ ಹಳದಿಯಾಗಿತ್ತು. ಮೂರು ಸಲ ಸಾಬೂನು ಹಾಕಿದೆ. ಉಗುರ ಸಂದೀಲಿ ಹಿಟ್ಟು ಮೆತ್ತಿತ್ತು. ಏನೋ ಇದು, ರೊಟ್ಟಿ ತಟ್ಟೋಕೆ ಹೋಗಿದ್ಯಾ ಅಂದೆ." ಪರದೆಯ ಅಂಚು ಅವಳ ಮುಷ್ಟಿಯಲ್ಲಿ ಮುದುಡಿತು. "ದೊಡ್ಡಪ್ಪ ಹೊಸ ಗ್ರೀಸು ಕೊಟ್ರು ಕಣಮ್ಮಾ, ಇನ್ನು ಭಯ ಇಲ್ಲ ಅಂದ."

ಕಾಫಿ ಹಂಚುವವನು ಹೂಜಿ ಕೆಳಗಿಟ್ಟ.

"ನಗ್ತಾ ಹೇಳಿದ, ದುಗೈಂ. ಇನ್ನು ಭಯ ಇಲ್ಲ ಅಂತ ನಗ್ತಾ ಹೇಳಿದ."

ಹಾಜಿಯ ಮುಖ ನೋಡಬಾರದಿತ್ತು, ನೋಡಿದೆ. ಹುಬ್ಬಿಲ್ಲದ ಆ ಮುಖದಲ್ಲಿ ಸಿಟ್ಟು ಇತ್ತೋ ಇನ್ನೇನಿತ್ತೋ ಓದಲಾಗಲಿಲ್ಲ. ಎರಡೂ ಕೈ ತೊಡೆಯ ಮೇಲಿದ್ದವು. ಹಿಟ್ಟು ನಾದುವಾಗ ಮಾಡುವಂತೆ ಬೆರಳುಗಳು ತಾವಾಗಿಯೇ ಒತ್ತಿ ಬಿಡುತ್ತಿದ್ದವು.

ಕಡೆಗೆ ಎದ್ದ. ನೆರವಿಗೆ ಕೈ ಚಾಚಿದವರನ್ನು ಸರಿಸಿದ.

"ಕೊಟ್ಟೆ ಅಂದ ಮೇಲೆ ಕೊಟ್ಟೆ," ಎಂದ. "ತರ್ತೀನಿ. ಕೂತಿರಿ."

ಬಾಗಿಲ ಬಳಿ ತನ್ನ ಚಪ್ಪಲಿ ಹುಡುಕದೆ ಯಾರದೋ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಗೋಡೆಯಾಚೆ ಬೇಕರಿಯ ಕಬ್ಬಿಣದ ಬಾಗಿಲು ಮೇಲೆ ಸರಿದ ಸದ್ದು ಕೇಳಿತು.

ನಾವು ಕೂತೆವು. ಬೇಕರಿ ಮೂವತ್ತು ಹೆಜ್ಜೆ ದೂರ. ಒಂದು ಚಮಚ ಗ್ರೀಸಿಗೆ ಎಷ್ಟು ಹೊತ್ತು ಬೇಕು? ಕಾಫಿಯ ಮೇಲೆ ತೆಳುವಾದ ಪೊರೆ ಕಟ್ಟತೊಡಗಿತು. ಜಾಮೀನುದಾರ ತಾನಿಟ್ಟ ಬಟ್ಟಲನ್ನು ಬಿಟ್ಟು ಏಳುವಂತಿಲ್ಲ. ಈ ನೇಮ ಮಾಡಿದ ಅಜ್ಜನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಮಸೀದಿಯಿಂದ ಅಸರ್ ಕರೆ ಎದ್ದಿತು.

ಮೂರು ದಿನ ಮುಗಿಯಿತು. ಮೂರನೇ ಒಂದು ಪಾಲೂ ಮುಗಿಯಿತು. ಈಗ ವಿರಾಮ ಮುಂದುವರಿಸಬಲ್ಲವನು, ಇಲ್ಲ ಎನ್ನಬಲ್ಲವನು ಒಬ್ಬನೇ. ಅವನು ಹೊರಗಿದ್ದ.

"ಫಲಾಹ್, ಹೋಗಿ ನೋಡು," ಎಂದೆ.

ಅವನು ಎದ್ದಾಗ ಹಾಜಿ ಕುಳಿತಿದ್ದ ದಿಂಬು ಕಾಲಿಗೆ ತಾಗಿ ಸರಿಯಿತು. ಅದರ ಹಿಂದೆ ಕಪ್ಪು ಹಗ್ಗದ ಬಳೆ ಬಿದ್ದಿತ್ತು. ತಲೆವಸ್ತ್ರದ ಮೇಲೆ ಹಾಜಿ ನಲವತ್ತು ವರ್ಷ ಧರಿಸಿದ್ದ ಬಳೆ.

ಅದು ತಾನಾಗಿ ಬೀಳುವ ವಸ್ತುವಲ್ಲ. ನಮ್ಮಲ್ಲಿ ಗಂಡಸು ಅದನ್ನು ಕಳಚಿಡುವುದು ಎರಡೇ ಕಾರಣಕ್ಕೆ. ಸೇಡು ತೀರುವ ತನಕ ಧರಿಸಲಾರೆ ಎಂದು. ಇಲ್ಲವೇ, ಇನ್ನು ಧರಿಸುವ ಯೋಗ್ಯತೆ ನನಗಿಲ್ಲ ಎಂದು.

ಫಲಾಹ್ ಓಡಿಬಂದ. ಕೈಯಲ್ಲಿ ಹಳದಿ ಡಬ್ಬಿ. ಮುಚ್ಚಳ ತೆರೆದಿತ್ತು, ಅರ್ಧಕ್ಕಿಂತ ಹೆಚ್ಚು ಖಾಲಿ. ನಡುವೆ ಒಂದು ಚಮಚ ನೆಟ್ಟಗೆ ನಿಂತಿತ್ತು.

"ನಾದೋ ಯಂತ್ರದ ಮೇಲೆ ಇಟ್ಟಿತ್ತು. ಒಳಗೆ ಯಾರೂ ಇಲ್ಲ. ಪಿಕಪ್ಪೂ ಇಲ್ಲ."

"ಯಾವ ಕಡೆ ಹೋದ?"

"ಯಾರೂ ನೋಡಿಲ್ಲ. ಎಲ್ಲರೂ ಒಳಗಿದ್ರಲ್ಲ."

ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಿದರೆ ಸುವೈಲಿಂನ ಗ್ಯಾರೇಜು. ಬಾಗಿಲು ಹಾಕಬೇಡ ಎಂದು ನಾನೇ ಹೇಳಿ ಬಂದಿದ್ದೆ. ನೇರ ಹೋದರೆ ಮಿತೇಬ್ ಸತ್ತ ನಕಬ್ ಇಳಿಜಾರು.

ಫೋನು ತೆಗೆದು ಸುವೈಲಿಂಗೆ ಹಚ್ಚಿದೆ. ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ಕೈಗೆ ಗ್ರೀಸು ಮೆತ್ತಿದ್ದಾಗ ಆ ಕತ್ತೆ ಫೋನು ಎತ್ತುವುದಿಲ್ಲ.

ಚಾಪೆಯ ಮೇಲೆ ನನ್ನ ಕಾಫಿ ತಣ್ಣಗಾಗಿತ್ತು. ಹಾಜಿ ದುಗೈಂ ವಾಪಸು ಬರಲಿಲ್ಲ.